ಸಿಮೆಂಟು ವೃತ್ತದ ಕಸಬರಿಗೆ

ಚಕ್ರ ಎಸೆಯುವವರು ನಿಂತು ತಿರುಗುವ ಸಿಮೆಂಟಿನ ವೃತ್ತ ಒಂದು ಸಣ್ಣ ಬಾವಿಯ ಬಾಯಿಯಷ್ಟು ಅಗಲ. ಅದರೊಳಗೆ ಗರಗರ ತಿರುಗಿ, ತಿರುಗಿದ ರಭಸದಲ್ಲೇ ಚಕ್ರವನ್ನು ಕೈಯಿಂದ ಬಿಡಬೇಕು. ಕಾಲಡಿ ಒಂದು ಚಿಟಿಕೆ ಮಣ್ಣಿದ್ದರೂ ಮೈ ಒಂದು ಕಡೆ, ಮೊಣಕಾಲು ಒಂದು ಕಡೆ ಹೋಗುತ್ತದೆ. ನಮ್ಮ ಬೈಲಹೊಂಗಲದ ಸುತ್ತಿನ ಮೈದಾನಗಳು ಎರೆಮಣ್ಣಿನವು. ಹಸಿಯಾದರೆ ಜಾರುತ್ತವೆ, ಒಣಗಿದರೆ ಪುಡಿಯಾಗಿ ವೃತ್ತದೊಳಗೆ ಬಂದು ಕೂರುತ್ತವೆ.

ನನ್ನ ಯಜಮಾನರು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರಾಗಿದ್ದರು. ಅವರು ಚಕ್ರ ಎಸೆತ ಕಲಿಸಿದ ಸಂಗೊಳ್ಳಿಯ ಒಬ್ಬ ಹುಡುಗಿ ಇಂಥ ಮಣ್ಣಿನ ಮೇಲೆ ಜಾರಿ ಮೊಣಕಾಲು ತಿರುಚಿಕೊಂಡು ತಿಂಗಳುಗಟ್ಟಲೆ ಕುಂಟಿದಳು. ಇನ್ನೊಮ್ಮೆ ಹೀಗಾದರೆ ಆಟದ ಆಸೆ ಬಿಡಬೇಕು ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ಇವರು ಕಸಬರಿಗೆ ಕೊಳ್ಳತೊಡಗಿದರು. ಮಣ್ಣು ಕೆರೆಯಲು ತೆಂಗಿನ ಕಡ್ಡಿಯದೊಂದು, ಪುಡಿ ತೆಗೆಯಲು ಹುಲ್ಲಿನದೊಂದು. ಕಿತ್ತೂರು, ರಾಮದುರ್ಗ, ಎಲ್ಲಿ ಕ್ರೀಡಾಕೂಟವಿದ್ದರೂ ಬೈಕಿಗೆ ಕಟ್ಟಿಕೊಂಡು ಹೋಗಿ ವೃತ್ತದ ಪಕ್ಕ ಇಟ್ಟು ಬರುತ್ತಿದ್ದರು.

"ಏನ್ ಮಾಸ್ತರ, ಕಸಬರಿಗಿ ಏಜೆನ್ಸಿ ತಗೊಂಡ್ರೇನ್ರಿ?" ಎಂದು ಓಣಿಯವರು ಕಾಡುತ್ತಿದ್ದರು.

"ಹೌದ್ರಿ. ಒಂದ್ ತಗೊಂಡ್ರ ಎರಡ ಬೈಗಳ ಫುಕಟ," ಎನ್ನುತ್ತಿದ್ದರು ಇವರು.

ಹೋದ ಬೇಸಿಗೆಯಲ್ಲಿ ಇವರು ತೀರಿಕೊಂಡರು. ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ. ಅವರನ್ನು ಹೊರಗೆ ಒಯ್ದ ಕೂಡಲೇ ನಾದಿನಿ ನಡುಮನೆ ಗುಡಿಸಿದಳು. ಅದು ಪದ್ಧತಿ. ಅದಕ್ಕೇ ನಮ್ಮಲ್ಲಿ ಊರಿಗೆ ಹೊರಟವರ ಬೆನ್ನ ಹಿಂದೆ ಯಾರೂ ಗುಡಿಸುವುದಿಲ್ಲ. ನಾನು ಮೂಲೆಯಲ್ಲಿ ಕುಳಿತು ಆ ಸಪ್ಪಳ ಕೇಳಿದೆ. ಆಮೇಲೆ ಬಹಳ ದಿನ ನನ್ನ ಮನೆಯ ಕಸವನ್ನು ಪಕ್ಕದ ಮನೆಯಾಕೆಯೇ ಬಂದು ಹೊಡೆಯಬೇಕಾಯಿತು. ನನಗೆ ಕೈ ಬರುತ್ತಿರಲಿಲ್ಲ.

ಶ್ರಾವಣದಲ್ಲಿ ಸವದತ್ತಿಯಲ್ಲಿ ನಮ್ಮ ಕಡೆಯ ತಾಲ್ಲೂಕುಗಳ ಹುಡುಗಿಯರ ಕ್ರೀಡಾಕೂಟ ಇತ್ತು. ಸಂಗೊಳ್ಳಿಯ ಹುಡುಗಿ ಮತ್ತೆ ಎಸೆಯುತ್ತಾಳೆ ಎಂದು ತಿಳಿಯಿತು. ಬಾಗಿಲ ಸಂದಿಯಲ್ಲಿ ಇವರು ತಂದಿಟ್ಟ ಹೊಸ ಕಸಬರಿಗೆಗಳಿದ್ದವು. ಒಂದು ಜೋಡಿ ಹಿಡಿದು ಬಸ್ಸು ಹತ್ತಿದೆ. ಮನೆಯಲ್ಲಿ ಆಗದ್ದು ಅಲ್ಲಿ ಆದೀತು ಅನ್ನಿಸಿತ್ತು.

"ಅವನ್ನ ಸೀಟಿನ ಕೆಳಗ ಹಾಕಬ್ಯಾಡ್ರಿ ಅಕ್ಕಾರ, ಮಂದಿ ತುಳಿತಾರ. ಹಿಡ್ಕೊಂಡ ಕುಂದರ್ರಿ," ಎಂದರು ಕಂಡಕ್ಟರು.

ಮೈದಾನಕ್ಕೆ ನಾನು ಹಿಂದೆಂದೂ ಇವರ ಜೊತೆ ಹೋಗಿರಲಿಲ್ಲ. ಅಲ್ಲಿ ಹೇಗೆ ಗುಡಿಸುತ್ತಾರೆ, ಯಾವಾಗ ಗುಡಿಸುತ್ತಾರೆ, ಕೇಳಿಯೂ ಇರಲಿಲ್ಲ. ಜಿಟಿಜಿಟಿ ಮಳೆ ಬಂದು ನಿಂತಿತ್ತು. ಬರಿಗಾಲಿನ ಹುಡುಗಿಯರು ಕೆಸರು ತುಳಿದುಕೊಂಡು ವೃತ್ತಕ್ಕೆ ಬರುತ್ತಿದ್ದರು. ಪ್ರತಿಯೊಬ್ಬರಿಗೂ ಮೂರು ಎಸೆತ, ಮೊದಲಿಬ್ಬರು ಮುಂದಿನ ಹಂತಕ್ಕೆ. ಒಬ್ಬಳು ಎಸೆದು ಹೊರಬಂದ ತಕ್ಷಣ ನಾನು ಒಳಗೆ ಹೋಗಿ ಗುಡಿಸಿದೆ. ಎರಡನೆಯವಳು ಬಂದಳು, ಹೋದಳು. ಮತ್ತೆ ಗುಡಿಸಿದೆ. ಕೈ ತಾನಾಗಿ ಆಡುತ್ತಿತ್ತು. ಬಹಳ ದಿನಗಳ ಮೇಲೆ ಉಸಿರು ಸರಾಗವಾಗಿತ್ತು.

ಮೂರನೆಯವಳು ರಾಮದುರ್ಗದ ಕಡೆಯ ಕಟಕೋಳದವಳು. ಅವಳು ಹೊರಗೆ ಕಾಲಿಡುತ್ತಿದ್ದಂತೆ ಜೊತೆಗೆ ಬಂದಿದ್ದ ಅವಳ ತಾಯಿ ಎದ್ದುನಿಂತರು.

"ಏನಬೇ, ನನ್ನ ಮಗಳು ಇನ್ನಾ ಕಾಲ ತಗದಿಲ್ಲ, ಬೆನ್ನ ಹಿಂದ ಕಸಾ ಹೊಡಿಯಾಕತ್ತೀಯಲ್ಲ! ಹೆಣಾ ಒಯ್ದ ಮನಿ ಏನಿದು?"

ನನ್ನ ಕೈ ನಿಂತಿತು. ಕಿವಿಯಲ್ಲಿ ನಡುಮನೆಯ ಆ ಸಪ್ಪಳ. ನಾನು ಮಾಡುತ್ತಿದ್ದದ್ದು ಅದೇ. ಹೋದವರ ಹಿಂದೆ ಒಬ್ಬೊಬ್ಬರಿಗೂ ಅದನ್ನೇ ಮಾಡುತ್ತಿದ್ದೆ.

ಆಕೆ ಬಂದು ಎರಡೂ ಕಸಬರಿಗೆಗಳನ್ನು ಕಸಿದುಕೊಂಡರು. ಎಸೆಯುವಂತಿಲ್ಲ, ಕಸಬರಿಗೆ ಎಂದರೆ ಲಕ್ಷ್ಮಿ. ನೆಲಕ್ಕಿಟ್ಟರೆ ಯಾರಾದರೂ ತುಳಿದಾರು, ಇಲ್ಲವೇ ನಾನೇ ಮತ್ತೆ ಎತ್ತಿಕೊಂಡೇನು. ಕೊನೆಗೆ ಕೂಸನ್ನು ಮಲಗಿಸಿಕೊಂಡಂತೆ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕುಳಿತುಬಿಟ್ಟರು. ಸುತ್ತಲಿನವರು ನಕ್ಕರು. ಆಕೆ ನಗಲಿಲ್ಲ.

"ಜಗಳಾ ಬ್ಯಾಡ್ರೆವಾ," ಎಂದರು ನಿರ್ಣಾಯಕರು ಮೋಡ ನೋಡುತ್ತ. "ಮಳಿ ಬರೂದ್ರಾಗ ಮುಗಸೂಣು."

ಆಮೇಲೆ ಯಾರೂ ಗುಡಿಸಲಿಲ್ಲ. ಎರಡನೆಯ ಸುತ್ತಿನ ಹೊತ್ತಿಗೆ ಬಿಳಿ ಸಿಮೆಂಟು ಕಪ್ಪಾಗಿತ್ತು. ಸವದತ್ತಿಯ ಒಬ್ಬಳು ಜಾರಿ ಕುಂಡೆಯೂರಿ ಬಿದ್ದಳು. ಮತ್ತೆ ನಗು. ಸಂಗೊಳ್ಳಿಯ ಹುಡುಗಿ ಎರಡೂ ಸಲ ತಿರುಗಲೇ ಇಲ್ಲ, ನಿಂತಲ್ಲಿಂದಲೇ ಎಸೆದಳು. ಚಕ್ರ ಹತ್ತಿರದಲ್ಲೇ ಬಿತ್ತು. ಅವಳು ನಾಲ್ಕನೆಯ ಸ್ಥಾನದಲ್ಲಿದ್ದಳು, ಉಳಿದದ್ದು ಒಂದೇ ಎಸೆತ.

ನನ್ನ ಪಕ್ಕಕ್ಕೆ ಬಂದು ಮೊಣಕಾಲಿನ ಪಟ್ಟಿ ಬಿಗಿದುಕೊಳ್ಳತೊಡಗಿದಳು. ತಿರುಗಿ ಎಸೆಯಬೇಕೆಂದು ನಿರ್ಧರಿಸಿದ್ದಾಳೆ ಎಂದು ನನಗೆ ಗೊತ್ತಾಯಿತು.

"ಬ್ಯಾಡವಾ. ನಿಂತ ಒಗದ ಬಾ. ಕಾಲ ಉಳಿಲಿ."

"ನಿಂತ ಒಗದ್ರ ಇಲ್ಲಿಂದನ ಮನಿಗೆ ಹೋಗೂದ್ರಿ ಅಕ್ಕಾರ."

"ಹೋಗೂಣು. ಏನಾತೀಗ?"

ಅವಳು ವೃತ್ತದ ಕಡೆ ನೋಡಿದಳು. ಆಮೇಲೆ ಮೆಲ್ಲಗೆ, ನನಗೆ ನೋವಾದೀತೆಂದು ಹೆದರಿದವಳಂತೆ ಹೇಳಿದಳು: "ಸರ್ ಎಂದೂ ಹೋದವ್ರ ಹಿಂದ ಕಸಾ ಹೊಡಸ್ತಿದ್ದಿಲ್ರಿ. ಕಸಬರಿಗಿ ಬಾಜೂಕ ಇಟ್ಟಿರ್ತಿದ್ರು. ಯಾರ ಒಳಗ ಬರ್ತಾರ, ಅವರ ಮೊದಲ ತಮ್ಮ ಜಾಗಾ ಹೊಡ್ಕೊಂಡ ನಿಲ್ಲಬೇಕ. ಹಂಗ ಹೇಳಿದ್ರು."

ಇಷ್ಟು ವರ್ಷ ಜೊತೆಗಿದ್ದೂ ಅದು ನನಗೆ ಗೊತ್ತಿರಲಿಲ್ಲ.

ಕೊನೆಯ ಸುತ್ತಿಗೆ ಚೀಟಿ ಎತ್ತಿ ಸರದಿ ಬದಲಿಸಿದ್ದರು. ಅವಳ ಸರದಿ ಬಂತು. ಹೆಸರು ಕೂಗಿ ನಿರ್ಣಾಯಕರು ಗಡಿಯಾರ ನೋಡಿದರು. ಅವಳು ವೃತ್ತಕ್ಕೆ ಹೋಗಲಿಲ್ಲ, ನೇರವಾಗಿ ಕಟಕೋಳದ ತಾಯಿಯ ಎದುರು ಹೋಗಿ ನಿಂತಳು.

"ಯವ್ವಾ, ಕಸಬರಿಗಿ ಬೇಕಾಗಿತ್ರಿ."

"ಯಾಕ, ನಿನ್ನ ಹಿಂದೂ ಹೊಡಸ್ಕೊಂತಿ?"

"ಹಿಂದಲ್ರಿ, ಮುಂದ. ನಾ ಹೋಗಾಕಿ ಅಲ್ಲ, ಬರಾಕಿ. ಲಕ್ಷ್ಮಿ ಬರೂ ಮೊದಲ ಅಂಗಳಾ ಹೊಡಿಯೂದಿಲ್ಲೇನ್ರಿ ನೀವು?"

"ಅಬಾಬಾ! ಲಕ್ಷ್ಮಿಯಂತ ಲಕ್ಷ್ಮಿ! ಮಾರಿ ನೋಡು, ತುಂಬ ಕೆಸರ."

"ಹೊತ್ತಾಗಾಕತ್ತೇತಿ!" ನಿರ್ಣಾಯಕರು ಕೂಗಿದರು. "ಒಗಿತೀಯೋ ಇಲ್ಲೋ?"

ಆಕೆ ಹುಡುಗಿಯ ಮೊಣಕಾಲಿನ ಪಟ್ಟಿ ನೋಡಿದರು. ಕಡ್ಡಿಯ ಕಸಬರಿಗೆಯನ್ನು ನೆಲಕ್ಕಿಟ್ಟು, ಬೆರಳಿನಿಂದ ಮುಂದೆ ತಳ್ಳಿದರು. "ತಗೋ. ಲಗೂ ಹೊಡ್ಕೊ. ಬಾಯಿ ನೋಡಿದ್ರ ತೋಳಿಗಿಂತ ಉದ್ದ ಐತಿ."

ಹುಡುಗಿ ಓಡಿದಳು. ವೃತ್ತದ ನಡುವಿನಿಂದ ಅಂಚಿಗೆ, ಮತ್ತೆ ನಡುವಿನಿಂದ ಅಂಚಿಗೆ ಬಿರಬಿರನೆ ಗುಡಿಸಿದಳು. ಅಂಟಿದ ಮಣ್ಣು ಬಿಡಲಿಲ್ಲ. ಕಸಬರಿಗೆಯನ್ನು ತಲೆಕೆಳಗು ಮಾಡಿ ಬುಡದಿಂದ ಕೆರೆದಳು. ನಾನು ಹೋಗಿ ಕೈಜೋಡಿಸಬೇಕೆಂದು ಎರಡು ಹೆಜ್ಜೆ ಇಟ್ಟು ನಿಂತೆ. ನಿಲ್ಲುವವಳು ಅವಳು. ಅವಳೇ ಅಂಗಾಲು ಒರೆಸಿಕೊಂಡಳು, ಸಿಮೆಂಟಿನ ಮೇಲೆ ಕಾಲನ್ನು ತಿರುವಿ ನೋಡಿದಳು, ಕಸಬರಿಗೆಯನ್ನು ಅಂಚಿನಾಚೆ ಇಟ್ಟಳು, ಚಕ್ರ ಎತ್ತಿಕೊಂಡಳು.

ನನಗೆ ಚಕ್ರ ಕಾಣಲಿಲ್ಲ. ನಾನು ಅವಳ ಬಲ ಮೊಣಕಾಲನ್ನು ಮಾತ್ರ ನೋಡುತ್ತಿದ್ದೆ. ಅದು ಬಾಗಿತು, ಮೈ ಸುತ್ತಿತು. ಕಾಲು ನೆಲ ಬಿಟ್ಟು ಮತ್ತೆ ನೆಲಕ್ಕೆ ಬಿದ್ದಾಗ ನಾನು ಹಲ್ಲು ಕಚ್ಚಿಕೊಂಡಿದ್ದೆ. ಪಾದ ಅಲ್ಲೇ ಊರಿತು, ಜಾರಲಿಲ್ಲ. ಅವಳು ಕೂಗಿದ್ದು ಕೇಳಿಸಿತು. ಅಂಚಿನವರೆಗೆ ಬಂದು ಒಂಟಿ ಕಾಲಿನ ಮೇಲೆ ತೂಗಾಡಿ, ಹಾಗೆಯೇ ನಿಂತಳು.

ಎಸೆತ ಸರಿಯೆಂದು ಬಿಳಿ ಬಾವುಟ ಮೇಲೆದ್ದಿತು. ಟೇಪು ಹಿಡಿದು ಅಳೆದರು. ಅವಳು ಎರಡನೆಯ ಸ್ಥಾನಕ್ಕೆ ಬಂದಳು. ಎಸೆಯಲು ಇನ್ನು ಉಳಿದವಳು ಕಟಕೋಳದವರ ಮಗಳು ಒಬ್ಬಳೇ.

"ಏ, ಹಂಗ ನಿಂತ್ಯಾಕ? ಮೊದಲ ಜಾಗಾ ಹೊಡ್ಕೊ!" ಎಂದು ತಾಯಿ ಚೀರಿದರು.

ಆ ಹುಡುಗಿಯೂ ಗುಡಿಸಿಕೊಂಡು ಎಸೆದಳು. ಚೆನ್ನಾಗಿಯೇ ಎಸೆದಳು. ಆದರೆ ಟೇಪು ಸಂಗೊಳ್ಳಿಯವಳ ಗುರುತಿಗಿಂತ ಗೇಣಿನಷ್ಟು ಈಚೆಗೇ ನಿಂತಿತು.

ಸಂಗೊಳ್ಳಿಯ ಹುಡುಗಿ ಬಂದು ನನ್ನ ಪಕ್ಕ ಕುಳಿತಳು, ಏದುಸಿರು ಬಿಡುತ್ತಿದ್ದಳು.

"ನೋವೈತೇನು?"

"ಇಲ್ರಿ."

ನಾನು ನಂಬಲಿಲ್ಲ. ಪಟ್ಟಿ ಬಿಚ್ಚಿಸಿ ಮೊಣಕಾಲಿನ ಮೇಲೆ ಕೈಯಿಟ್ಟು ನೋಡಿದೆ. ಬಿಸಿಯಾಗಿತ್ತು, ಬಾತಿರಲಿಲ್ಲ. ಅವಳು ನಗುತ್ತ ಕಾಲು ಮಡಿಚಿ, ಚಾಚಿ ತೋರಿಸಿದಳು.

ಇನ್ನೊಮ್ಮೆ ತೋರಿಸು ಅಂದೆ.