ಕೆಂಪು ತಂತಿ, ಕಪ್ಪು ತಂತಿ

ಹೊಸದುರ್ಗದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಹಿಟ್ಟಿನ ಗಿರಣಿಗೆ ಅಂಟಿಕೊಂಡಿರುವ ಪುಟ್ಟ ಅಂಗಡಿಯಲ್ಲಿ ಉಷಾರಾಣಿ ಹದಿನಾಲ್ಕು ವರ್ಷಗಳಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದಾಳೆ. ಗಿರಣಿ ಶುರುವಾದರೆ ಅವಳ ಮೇಜು ನಡುಗುತ್ತದೆ. ಬೆಸುಗೆ ಹಾಕುತ್ತಿದ್ದವಳು ಕೈ ತಡೆದು, ರಾಗಿ ಬೀಸಿ ಮುಗಿಯುವ ತನಕ ಕಾಯುತ್ತಾಳೆ.

ಈ ಕೆಲಸವನ್ನು ಅವಳಿಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಮದುವೆಗೆ ಮುಂಚೆ ಒಂದು ಟೈಪಿಂಗ್ ಅಂಗಡಿಯಲ್ಲಿದ್ದಳು. ಅಲ್ಲಿನ ಕಂಪ್ಯೂಟರ್ ಮೆಷಿನ್ ಕೆಟ್ಟರೆ ಚಿತ್ರದುರ್ಗದಿಂದ ಮೆಕ್ಯಾನಿಕ್ ಬರಬೇಕಿತ್ತು, ಬರುವಷ್ಟರಲ್ಲಿ ಎರಡು ದಿನ. ಅವನು ಬಿಚ್ಚುವಾಗ ಬೆನ್ನ ಹಿಂದೆ ನಿಂತು ನೋಡುತ್ತಿದ್ದಳು. "ಮುಟ್ಟಬ್ಯಾಡಮ್ಮ, ನಿಮ್ಗೆ ತಿಳಿಯಲ್ಲ" ಅಂದ ಒಂದು ಸಲ. ಮುಂದಿನ ಸಲ ಮೆಷಿನ್ ಕೆಟ್ಟಾಗ ಅವನಿಗೆ ಫೋನ್ ಮಾಡುವ ಮೊದಲೇ ಅವಳು ಬಿಚ್ಚಿ ಸರಿಮಾಡಿದ್ದಳು. ಮದುವೆಯಾದ ಮೇಲೆ ಗಂಡ ಮೋಹನ್‌ಕುಮಾರನೇ ಅಂಗಡಿ ಹುಡುಕಿಕೊಟ್ಟ. ಅವನು ಬಸ್ ಕಂಡಕ್ಟರ್, ಊರೂರಿನ ಜನಕ್ಕೆ ಹೆಂಡತಿಯ ಅಂಗಡಿಯ ಗುರುತು ಹೇಳುತ್ತಿದ್ದ. ಉಷಕ್ಕ ಮುಟ್ಟಿದರೆ ಮೆಷಿನ್ ಎದ್ದು ಕೂರುತ್ತದೆ ಎಂಬ ಮಾತು ಹೊಳಲ್ಕೆರೆಯ ತನಕ ಹೋಯಿತು. ಆ ಮಾತು ಅವಳ ಕಿವಿಗೂ ಬಿತ್ತು. ಹಿತವಾಗಿತ್ತು. ಬರಬರುತ್ತಾ ಅವಳೂ ಅದನ್ನು ನಂಬಿದಳು.

ಕಳೆದ ವರ್ಷ ಮೇ ತಿಂಗಳಲ್ಲಿ ಊರಿನ ಒಂದು ಖಾಸಗಿ ಪಿಯು ಕಾಲೇಜಿನವರು ಲ್ಯಾಬಿಗೆಂದು ಹನ್ನೆರಡು ಕಂಪ್ಯೂಟರ್ ಜೋಡಿಸಿಕೊಡಲು ಕೇಳಿದರು. ಅಷ್ಟು ದೊಡ್ಡ ಕೆಲಸ ಅವಳಿಗೆ ಅದೇ ಮೊದಲು. ಬೋರ್ಡು, ಡಿಸ್ಕು ಎಲ್ಲ ಒಳ್ಳೆಯವನ್ನೇ ತರಿಸಿದಳು. ಕ್ಯಾಬಿನೆಟ್ಟು ಅಂದರೆ ಎಲ್ಲವನ್ನೂ ಕೂರಿಸುವ ತಗಡಿನ ಪೆಟ್ಟಿಗೆ ತಾನೆ, ಅದರಲ್ಲೇನಿದೆ ಎಂದು ಸಗಟು ವ್ಯಾಪಾರಿಯೊಬ್ಬ ಕಳಿಸಿದ, ಹೆಸರೂ ಇಲ್ಲದ ಕಪ್ಪು ಕ್ಯಾಬಿನೆಟ್ಟುಗಳನ್ನು ಒಪ್ಪಿಕೊಂಡಳು. ಪೆಟ್ಟಿಗೆಯ ಮುಖದಲ್ಲಿ ಪೆನ್‌ಡ್ರೈವ್ ಸಿಕ್ಕಿಸುವ ಕಿಂಡಿಗಳಿರುತ್ತವೆ. ಅಲ್ಲಿಂದ ಹೊರಟ ಬಣ್ಣಬಣ್ಣದ ತಂತಿಗಳು ಒಳಗೆ ಬೋರ್ಡಿಗೆ ಸೇರಬೇಕು. ಕೆಂಪಿನಲ್ಲಿ ಕರೆಂಟು ಹೋಗುತ್ತದೆ, ಕಪ್ಪಿನಲ್ಲಿ ವಾಪಸು ಬರುತ್ತದೆ. ಬೋರ್ಡಿನ ಕಡೆ ಬಣ್ಣಗಳ ಸಾಲು ಸರಿಯಾಗಿದೆಯೇ ಎಂದು ನೋಡಿದಳು, ಇತ್ತು. ಸಿಕ್ಕಿಸಿದಳು. ಹನ್ನೆರಡೂ ಹಾಗೆಯೇ.

ಲ್ಯಾಬು ನೋಡಿಕೊಳ್ಳುತ್ತಿದ್ದವಳು ಚೈತ್ರಾ. ಇಪ್ಪತ್ಮೂರರ ಹುಡುಗಿ, ಬಾಗೂರಿನಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ಮೆಷಿನ್‌ಗಳಿಗೆ ತಾನೇ ಹಳೆ ಸೀರೆಯ ಹೊದಿಕೆ ಹೊಲಿದು ಹಾಕಿದ್ದಳು. ಜುಲೈನಲ್ಲಿ ಅವಳ ಮೊದಲ ಫೋನು ಬಂತು.

"ಅಕ್ಕ, ನಾಕನೇ ಮೆಷಿನ್ ಆಫ್ ಆಗ್ಬಿಟ್ತು. ನಾನೇನೂ ಮಾಡ್ಲಿಲ್ಲ, ಪೆನ್‌ಡ್ರೈವ್ ಹಾಕ್ದೆ ಅಷ್ಟೆ. ಏನೋ ಸುಟ್ಟ ವಾಸನೆ ಬಂತು."

ಉಷಾರಾಣಿ ಮೆಷಿನ್ ತರಿಸಿ ನೋಡಿದಳು. ಬೋರ್ಡು ಸುಟ್ಟಿತ್ತು. ಒಂದೊಂದು ಬೋರ್ಡು ಹುಟ್ಟಾ ಕೆಟ್ಟದ್ದೇ ಇರುತ್ತದೆ ಎಂದುಕೊಂಡು ಬೇರೆ ಹಾಕಿದಳು, ಒಂದಿಡೀ ದಿನ ಓಡಿಸಿ ಪರೀಕ್ಷಿಸಿದಳು. ಕೆಲಸಕ್ಕೆ ಅನುಕೂಲವೆಂದು ಯಾವಾಗಲೂ ಮೆಷಿನ್ನಿನ ಬೆನ್ನನ್ನು ತನ್ನ ಕಡೆ ತಿರುಗಿಸಿಕೊಳ್ಳುವ ರೂಢಿ ಅವಳದು. ಮೌಸು, ಪೆನ್‌ಡ್ರೈವ್ ಎಲ್ಲ ಹಿಂದಿನ ಕಿಂಡಿಗೇ. ಎಲ್ಲ ಸರಿ ಕಂಡಿತು. ಆಗಸ್ಟಿನಲ್ಲಿ ಇನ್ನೊಂದು ಹೋಯಿತು. ಆಗಲೂ ಚೈತ್ರಾ ಅದೇ ಮಾತು ಹೇಳಿದಳು: ಪೆನ್‌ಡ್ರೈವ್, ವಾಸನೆ. ಉಷಾರಾಣಿಗೆ ಕಿರಿಕಿರಿಯಾಯಿತು. ಲ್ಯಾಬಿನ ಅರ್ತಿಂಗ್ ನೋಡಿಸಿದಳು, ಅದರಲ್ಲಿ ತಪ್ಪಿರಲಿಲ್ಲ.

ಸೆಪ್ಟೆಂಬರಿನಲ್ಲಿ ಮೂರನೆಯದು ಹೋದಾಗ ಈ ಸಲ ಅದರ ಜೊತೆ ಸುಟ್ಟಿದ್ದು ಉಪನ್ಯಾಸಕರೊಬ್ಬರ ಪೆನ್‌ಡ್ರೈವ್. ಅದರಲ್ಲಿ ಮಕ್ಕಳ ಪ್ರಾಯೋಗಿಕ ಪರೀಕ್ಷೆಯ ಅಂಕಗಳಿದ್ದವು. ಕಾಲೇಜಿನ ಕಾರ್ಯದರ್ಶಿ ಮುರುಗೇಶಪ್ಪ ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು.

"ಕುಂತ್ಕಳ್ರಿ ಉಷಾರಾಣಿ" ಅಂದರು. ಚೈತ್ರಾಳಿಗೆ ಕೂರಲು ಹೇಳಲಿಲ್ಲ. "ಹೊಸ ಮೆಷಿನ್ನು, ಮೂರು ತಿಂಗ್ಳಲ್ಲಿ ಮೂರು ಹೋದ್ವು. ತಪ್ಪು ಮೆಷಿನ್ದೋ, ಮನುಷ್ಯರ್ದೋ? ಒಂದು ಮಾತು ಹೇಳ್ರಿ."

ಗೊತ್ತಿಲ್ಲ ಎನ್ನಬಹುದಿತ್ತು. ಇಷ್ಟು ವರ್ಷದಲ್ಲಿ ಗಿರಾಕಿಯ ಮುಂದೆ ಆ ಮಾತು ಅವಳ ಬಾಯಲ್ಲಿ ಬಂದಿರಲಿಲ್ಲ. "ನಾನು ಎಲ್ಲ ನೋಡಿ ಕೊಟ್ಟಿದೀನಿ ಸರ್. ಬಳಸೋ ಕೈ ಸರಿ ಇರ್ಬೇಕು" ಅಂದಳು.

ಚೈತ್ರಾ ಅವಳತ್ತ ನೋಡಿದಳು. "ಅಕ್ಕ, ನಾನು..." ಎಂದು ಶುರುಮಾಡಿದವಳು ಮುರುಗೇಶಪ್ಪನವರು ಕೈ ಎತ್ತಿದ್ದು ಕಂಡು ಸುಮ್ಮನಾದಳು. ಮುಂದಿನ ಸೋಮವಾರ ಉಷಾರಾಣಿ ಲ್ಯಾಬಿಗೆ ಹೋದಾಗ ಚೈತ್ರಾಳ ಕುರ್ಚಿಯಲ್ಲಿ ಬೇರೊಬ್ಬಳಿದ್ದಳು, ಕಾರ್ಯದರ್ಶಿಗಳ ಕಡೆಯವಳೇ. ಉಷಾರಾಣಿಗೆ ಒಂದೆರಡು ದಿನ ಊಟ ರುಚಿಸಲಿಲ್ಲ. ತಾನು ಯಾರ ಹೆಸರನ್ನೂ ಹೇಳಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಳು. ಆ ಕೋಣೆಯಲ್ಲಿ ಮೆಷಿನ್ ಬಳಸುವ ಕೈ ಇನ್ಯಾರದಿತ್ತು ಎಂದು ಕೇಳಿಕೊಳ್ಳಲಿಲ್ಲ.

ಮೂರನೇ ಮೆಷಿನ್ ಅವಳ ಅಂಗಡಿಯಲ್ಲೇ ಉಳಿದಿತ್ತು. ಹೊಸ ಬೋರ್ಡು ಬರಲು ದೀಪಾವಳಿ ಕಳೆಯಿತು. ಗೋಡೆಗೆ ಸುಣ್ಣ ಹೊಡೆಸಲೆಂದು ಮೇಜು ಸರಿಸಿದ್ದರಿಂದ ಆವತ್ತು ಮೆಷಿನ್ನಿನ ಮುಖ ಅವಳ ಕಡೆಗಿತ್ತು. ಬೋರ್ಡು ಕೂರಿಸಿ ಚಾಲೂ ಮಾಡಿದಳು. ಆರು ವರ್ಷದಿಂದ ಬಳಸುತ್ತಿದ್ದ ತನ್ನದೇ ಪೆನ್‌ಡ್ರೈವನ್ನು, ಯೋಚನೆಯಿಲ್ಲದೆ, ಎದುರಿಗಿದ್ದ ಕಿಂಡಿಗೆ ಸಿಕ್ಕಿಸಿದಳು.

ಪರದೆ ಕಪ್ಪಾಯಿತು. ಫ್ಯಾನು ನಿಂತಿತು. ಪೆನ್‌ಡ್ರೈವ್ ಕಿತ್ತರೆ ಬೆರಳು ಚುರುಕ್ ಎಂದಿತು. ಆಮೇಲೆ ವಾಸನೆ ಬಂತು.

ಪೆಟ್ಟಿಗೆ ಬಿಚ್ಚಿ ಮುಂದಿನ ಕಿಂಡಿಯ ತಂತಿಗಳನ್ನು ಎಳೆದು ಹಾಕಿದಳು. ಬೋರ್ಡಿನ ಕಡೆ ಬಣ್ಣಗಳು ಈಗಲೂ ಸರಿಯಾಗಿಯೇ ಇದ್ದವು. ಮೀಟರಿನ ಒಂದು ಮೊನೆಯನ್ನು ಕೆಂಪು ತಂತಿಗೆ ಇಟ್ಟು, ಇನ್ನೊಂದನ್ನು ಕಿಂಡಿಯೊಳಗೆ ಕರೆಂಟು ಬರಬೇಕಾದ ಜಾಗಕ್ಕೆ ಮುಟ್ಟಿಸಿದಳು. ಎರಡೂ ಕಡೆ ಸೇರಿದ್ದರೆ ಸದ್ದು ಮಾಡಬೇಕಾದ ಮೀಟರ್ ಸದ್ದು ಮಾಡಲಿಲ್ಲ. ವಾಪಸಿನ ಜಾಗಕ್ಕೆ ಮುಟ್ಟಿಸಿದಳು. ಪೀಂ ಎಂದಿತು. ಮುಖದ ತಗಡಿನ ಹಿಂದೆ, ಕಣ್ಣಿಗೆ ಕಾಣದ ಕಡೆ, ಕೆಂಪು ಮತ್ತು ಕಪ್ಪು ತಂತಿಗಳನ್ನು ಅದಲುಬದಲಾಗಿ ಬೆಸೆದಿದ್ದರು. ಅಲ್ಲಿ ಏನು ಸಿಕ್ಕಿಸಿದರೂ ಕರೆಂಟು ಉಲ್ಟಾ ನುಗ್ಗಿ ಶಾರ್ಟ್ ಆಗುತ್ತಿತ್ತು. ಪೆನ್‌ಡ್ರೈವೂ ಹೋಗುತ್ತಿತ್ತು, ಬೋರ್ಡೂ ಹೋಗುತ್ತಿತ್ತು. ಜೋಡಿಸುವ ದಿನವೇ ಹೀಗೆ ಮೀಟರ್ ಇಟ್ಟಿದ್ದರೆ ಒಂದು ನಿಮಿಷದ ಕೆಲಸ.

ಪಕ್ಕದಲ್ಲಿ ಗಿರಣಿ ಶುರುವಾಯಿತು. ಅವಳು ಮೀಟರ್ ಹಿಡಿದೇ ಕುಳಿತಿದ್ದಳು. ಹುಡುಗಿ ಮೊದಲ ದಿನವೇ ಎಲ್ಲ ಹೇಳಿದ್ದಳು.

ಭಾನುವಾರ ಕಾಲೇಜಿನ ಬೀಗ ತೆಗೆಸಿ ಉಳಿದ ಹನ್ನೊಂದನ್ನೂ ಪರೀಕ್ಷಿಸಿದಳು. ಸುಟ್ಟ ಇನ್ನೆರಡು ಸೇರಿ ಆರರಲ್ಲಿ ಅದೇ ತಪ್ಪಿತ್ತು. ಲ್ಯಾಬಿನಲ್ಲಿ ಪೆನ್‌ಡ್ರೈವ್ ಹಾಕುವುದು ಅಪರೂಪವಾದ್ದರಿಂದ ಮಿಕ್ಕವು ಉಳಿದುಕೊಂಡಿದ್ದವು. ಎಲ್ಲವನ್ನೂ ಸರಿಮಾಡಿ ಮಾರನೇ ದಿನ ಮುರುಗೇಶಪ್ಪನವರ ಮುಂದೆ ನಿಂತಳು.

ಅವರು ಕೇಳಿಸಿಕೊಂಡು ಕನ್ನಡಕ ತೆಗೆದರು. "ಸರಿ ಆಯ್ತಲ್ಲ ಈಗ. ಬಿಡ್ರಿ."

"ಚೈತ್ರಾಂದು ತಪ್ಪಿರ್ಲಿಲ್ಲ ಸರ್. ಅವ್ಳನ್ನ ವಾಪಸ್ ಕರೀಬೇಕು."

"ಆ ಜಾಗಕ್ಕೆ ಜನ ಬಂದಾಯ್ತು. ನೀವು ಹೇಳಿದ್ದಕ್ಕೇ ತೆಗ್ದಿದ್ದು, ಈಗ ನೀವೇ ಹಿಂಗಂದ್ರೆ ನಮ್ ಮರ್ಯಾದೆ ಏನಾಗ್ಬೇಕು? ಸುಮ್ನಿದ್ರೆ ಲ್ಯಾಬಿನ ಕೆಲ್ಸ ನಿಮ್ಗೇ ಇರ್ತೈತೆ."

ಉಷಾರಾಣಿ ಅಂಗಡಿಗೆ ಬಂದು ಪತ್ರ ಬರೆದಳು. ಕ್ಯಾಬಿನೆಟ್ಟುಗಳ ತಂತಿ ಉಲ್ಟಾ ಇತ್ತು, ಅದನ್ನು ಪರೀಕ್ಷಿಸದೆ ಕೊಟ್ಟಿದ್ದು ನನ್ನ ತಪ್ಪು, ಲ್ಯಾಬ್ ಸಹಾಯಕಿ ಚೈತ್ರಾ ಅವರಿಂದ ಯಾವ ಹಾನಿಯೂ ಆಗಿಲ್ಲ ಎಂದು. ಸಹಿ ಹಾಕಿ, ಅಂಗಡಿಯ ಮೊಹರು ಒತ್ತಿ, ಒಂದು ಪ್ರತಿಯನ್ನು ಕಾಲೇಜಿಗೆ ಕೊಟ್ಟು ಸ್ವೀಕೃತಿ ಬರೆಸಿಕೊಂಡಳು. ಇನ್ನೊಂದನ್ನು ಹಿಡಿದು ಬಾಗೂರಿನ ಬಸ್ ಹತ್ತಿದಳು.

ಚೈತ್ರಾಳ ತಾಯಿ ನಾಗಕ್ಕ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಉಷಾರಾಣಿ ತನ್ನ ಹೆಸರು, ಬಂದ ಕಾರಣ ಹೇಳಿ ಪತ್ರ ತೋರಿಸುತ್ತಲೇ ಅವಳ ಕೈ ನಿಂತಿತು.

"ನೀವೇನಾ ಅವ್ರು?" ಅಂದಳು. "ಕಾಲೇಜಿನ ಮಿಷನ್ ಸುಟ್ಟೋಳು ಅಂತ ಬಸ್ಸಾಗೆ ನನ್ ಮುಂದೇನೇ ಆಡ್ಕಂಡ್ರು. ಇಲ್ಲಿರಕ್ಕಾಗ್ದೆ ಹಿರಿಯೂರಿಗೆ ಹೋಗ್ಯಾಳೆ, ಬಟ್ಟೆ ಅಂಗ್ಡಿಗೆ. ದಿನಾ ಪೂರ್ತಿ ನಿಂತ್ಕಂಡೇ ಇರ್ಬೇಕಂತೆ. ಈಗ ಕಾಗ್ದ ತಂದ್ರೇನಮ್ಮ?"

ನಾಗಕ್ಕ ನೀರು ಕೊಟ್ಟಳು. ಮಗಳಿರುವ ಅಂಗಡಿಯ ಹೆಸರನ್ನೂ ಹೇಳಿದಳು.

ಹಿರಿಯೂರಿನ ಆ ಬಟ್ಟೆ ಅಂಗಡಿಯ ಹಿಂಬದಿಯಲ್ಲಿ, ಊಟದ ಬಿಡುವಿನಲ್ಲಿ ಚೈತ್ರಾ ಸಿಕ್ಕಳು. ಡಬ್ಬಿ ಮುಚ್ಚಿಟ್ಟು ಪತ್ರವನ್ನು ಎರಡು ಸಲ ಓದಿದಳು. ಅಳುತ್ತಾಳೆ ಅಥವಾ ಬೈಯುತ್ತಾಳೆ ಎಂದುಕೊಂಡಿದ್ದ ಉಷಾರಾಣಿಗೆ ಅವಳು ಕೇಳಿದ ಪ್ರಶ್ನೆ ಅನಿರೀಕ್ಷಿತವಾಗಿತ್ತು.

"ಯಾವ ವೈರು?"

ಉಷಾರಾಣಿ ಒಂದು ರಟ್ಟಿನ ಮೇಲೆ ಚಿತ್ರ ಬರೆದು ತೋರಿಸಿದಳು. ಚೈತ್ರಾ ಬೆರಳಿಟ್ಟು ಕೆಂಪು ಗೆರೆಯನ್ನು ಕೊನೆಯ ತನಕ ಹಿಂಬಾಲಿಸಿದಳು.

"ನಾನು ಮೊದ್ಲನೇ ದಿನಾನೇ ಪೆನ್‌ಡ್ರೈವ್ ಅಂದೆ. ಎರಡ್ನೇ ಸಲಾನೂ ಅಂದೆ. ಆಗ್ಲೇ ನಿಮ್ಗೆ ಗೊತ್ತಾಗ್ಬೇಕಿತ್ತಲ್ಲ ಅಕ್ಕ?"

"ಹೂಂ. ಗೊತ್ತಾಗ್ಬೇಕಿತ್ತು."

"ಯಾಕ್ ನೋಡ್ಲಿಲ್ಲ?"

"ನನ್ ಕೈಯಾಗೆ ತಪ್ಪಾಗಲ್ಲ ಅಂದ್ಕಂಡಿದ್ದೆ."

ಚೈತ್ರಾ ರಟ್ಟನ್ನು ವಾಪಸು ಕೊಟ್ಟಳು. "ಆವತ್ತು ಆ ರೂಮಲ್ಲಿ ನಿಮ್ಮನ್ನೇ ನಂಬ್ಕಂಡು ನಿಂತಿದ್ದೆ. ನೀವು ನನ್ ಪರ ಹೇಳ್ತೀರಿ ಅಂತ" ಅಂದಳು. ಒಳಗಿನಿಂದ ಯಾರೋ ಕರೆದರು. ಪತ್ರವನ್ನು ಮಡಿಸಿ ಡಬ್ಬಿಯ ಚೀಲದಲ್ಲಿಟ್ಟು ಎದ್ದಳು. ಹೋಗಿ ಬನ್ನಿ ಎನ್ನಲಿಲ್ಲ.

ಕಾಲೇಜಿನವರು ಮರುತಿಂಗಳಿಂದ ಲ್ಯಾಬಿನ ಕೆಲಸಕ್ಕೆ ಬೇರೆಯವರನ್ನು ಗೊತ್ತುಮಾಡಿಕೊಂಡರು. ಉಷಾರಾಣಿ ಕ್ಯಾಬಿನೆಟ್ಟಿನಲ್ಲಿ ತಪ್ಪು ಮಾಡಿದಳಂತೆ, ಬರೆದುಕೊಟ್ಟಿದ್ದಾಳಂತೆ ಎಂಬ ಸುದ್ದಿ ಊರಲ್ಲಿ ಹರಡಿತು. ಕೆಲವರು ತಮ್ಮ ಮೆಷಿನ್‌ಗಳನ್ನು ಚಿತ್ರದುರ್ಗಕ್ಕೆ ಒಯ್ದರು. ಯಾಕಾದರೂ ಬರೆದುಕೊಟ್ಟೆ ಎಂದು ಮೋಹನ್‌ಕುಮಾರ್ ಒಮ್ಮೆ ಕೇಳಿದ, ಅವಳ ಮುಖ ನೋಡಿ ಮತ್ತೆ ಕೇಳಲಿಲ್ಲ.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಹಿರಿಯೂರಿನ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಿಂದ ಫೋನು ಬಂತು. ಮಾತಾಡಿದವರು ಪ್ರಭುಲಿಂಗ ಎಂಬುವರು.

"ಚೈತ್ರಾ ಅನ್ನೋ ಹುಡುಗಿ ಕೆಲ್ಸಕ್ಕೆ ಅರ್ಜಿ ಹಾಕ್ಯಾಳೆ. ಹಳೇ ಕಾಲೇಜಿಗೆ ಕೇಳಿದ್ರೆ ಮಿಷನ್ ಸುಟ್ಟಾಳೆ ಅಂತಾರೆ. ಇವ್ಳು ನಿಮ್ ಪತ್ರ ತೋರ್ಸ್ತಾಳೆ. ಇದ್ರಾಗೆ ತಪ್ಪು ನಿಮ್ದೇ ಅಂತ ಐತೆ. ನಿಜಾನಾ?"

ಎದುರಿಗೆ ಲ್ಯಾಪ್‌ಟಾಪ್ ತಂದ ಇಬ್ಬರು ಗಿರಾಕಿಗಳು ಕುಳಿತಿದ್ದರು. ಉಷಾರಾಣಿ ಎದ್ದು ಹೊರಗೆ ಹೋಗಲಿಲ್ಲ, ದನಿ ತಗ್ಗಿಸಲೂ ಇಲ್ಲ.

"ನಿಜ ಸರ್. ತಪ್ಪು ನಂದೇ. ಆ ಹುಡುಗಿ ಸರಿಯಾಗೇ ಹೇಳಿದ್ಳು, ನಾನು ಕೇಳ್ಲಿಲ್ಲ."

ಗಿರಾಕಿಗಳಲ್ಲಿ ಒಬ್ಬ, ಆಮೇಲೆ ಬರುತ್ತೇನೆಂದು ಲ್ಯಾಪ್‌ಟಾಪ್ ಎತ್ತಿಕೊಂಡು ಹೋದ. ಚೈತ್ರಾಳಿಗೆ ಕೆಲಸ ಸಿಕ್ಕಿತು. ಅದನ್ನು ಅವಳೇನೂ ತಿಳಿಸಲಿಲ್ಲ. ಬಸ್ ನಿಲ್ದಾಣದಲ್ಲಿ ಎದುರಾದ ನಾಗಕ್ಕ ಹೇಳಿದ್ದು, ಅದೂ ನಿಲ್ಲದೆ, ನಡೆಯುತ್ತಲೇ.