ಹುಳಿ ಮಣ್ಣು ಹದಕ್ಕೆ ಬಂದ ಮೇಲೆ

ಕೊರೊನಾ ಮುಗಿದ ಮರುವರ್ಷ ನಾನು ಚಳ್ಳಕೆರೆಯಲ್ಲಿ ಮಣ್ಣು ಪರೀಕ್ಷೆಯ ಅಧಿಕಾರಿಯಾಗಿದ್ದೆ. ನಮ್ಮ ಕಡೆ ರೈತರು ತರುವುದು ಹೆಚ್ಚಾಗಿ ಚೌಳು ಮಣ್ಣು, ಹುಳಿಗೆ ತದ್ವಿರುದ್ಧವಾದ ಕ್ಷಾರದ್ದು. ಮೊಳಕಾಲ್ಮೂರಿನ ಗುಡ್ಡದ ಬುಡದಿಂದ ಓಬಕ್ಕ ಎಂಬಾಕೆ ತಂದ ಕೆಂಪು ಮಣ್ಣಿನ ಪಿಎಚ್ ಮಾತ್ರ 5.2 ತೋರಿಸಿತು. ಏಳಕ್ಕಿಂತ ಕೆಳಗಿಳಿದಷ್ಟೂ ಮಣ್ಣು ಹುಳಿ. ಮೀಟರೇ ಕೆಟ್ಟಿತೇನೋ ಎಂದು ಮತ್ತೊಮ್ಮೆ ಅಳೆದೆ. ಕೆಟ್ಟಿರಲಿಲ್ಲ.

ಓಬಕ್ಕನದು ಕುರಿ ಕಾಯುವ ಮನೆತನ. ಗಂಡ ತೀರಿದ ಮೇಲೆ ಕುರಿಗಳು ಮೈದುನನ ಪಾಲಾದವು. ಆಕೆ ಒಂದೆಕರೆ ಗುತ್ತಿಗೆ ಹಿಡಿದು ಬದನೆ, ಟೊಮೆಟೊ ಹಾಕುತ್ತಿದ್ದಳು. ಗಿಡ ಮೊಣಕಾಲೆತ್ತರವೂ ಬರುತ್ತಿರಲಿಲ್ಲ. ಜಮೀನಿನ ಯಜಮಾನರು ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ ಇಟ್ಟವರು. ಗುತ್ತಿಗೆಗೆ ಕಾಗದ ಪತ್ರ ಏನೂ ಇಲ್ಲ. ಉಗಾದಿಯ ದಿನ ಯಜಮಾನರು ಎಲೆ ಅಡಿಕೆ ಕೊಟ್ಟರೆ ಇನ್ನೊಂದು ವರ್ಷ ಆ ನೆಲ ಆಕೆಯ ಕೈಯಲ್ಲಿ, ಅಷ್ಟೇ.

ನಾನು ಬಯೋಚಾರ್ ಹಾಕಲು ಹೇಳಿದೆ. ಗಾಳಿ ಹೆಚ್ಚು ಆಡದಂತೆ ಡ್ರಮ್ಮಿನಲ್ಲಿ ಸುಟ್ಟ ಇದ್ದಿಲಿನ ಪುಡಿ ಅದು. ಹುಳಿ ತಗ್ಗಿಸುತ್ತದೆ, ಹಾಕಿದ ಗೊಬ್ಬರ ಹಿಡಿದಿಡುತ್ತದೆ. ಸುಡಲು ಬೇಕಾದ ಶೇಂಗಾ ಸಿಪ್ಪೆಯನ್ನು ಯಜಮಾನರೇ ಮಿಲ್ಲಿನಿಂದ ಪುಕ್ಕಟೆ ಕೊಟ್ಟರು. "ತಗಂಡೋಗ್ರಿ ಸಾರ್, ಪಾಪ, ಬಡವಿ ಉದ್ಧಾರ ಆಗ್ಲಿ" ಅಂದರು. ಎಂಥ ದೊಡ್ಡ ಮನಸ್ಸಪ್ಪಾ ಎಂದು ಕೈ ಮುಗಿದು ಬಂದೆ.

ಬೇಸಿಗೆಯಿಡೀ ಓಬಕ್ಕ ಸಿಪ್ಪೆ, ಜಾಲಿ ಕಟ್ಟಿಗೆ ಸುಟ್ಟಳು. ಹೊಗೆಗೆ ಕಣ್ಣು ಕೆಂಡವಾಗಿದ್ದವು. ಹಸಿ ಇದ್ದಿಲನ್ನು ಹಾಗೇ ಹಾಕಿದರೆ ಅದೇ ಮಣ್ಣಿನ ಸಾರ ಹೀರಿಕೊಳ್ಳುತ್ತದೆ. ಅದಕ್ಕೇ ಕುರಿ ಗೊಬ್ಬರ, ಗಂಜಲದಲ್ಲಿ ನೆನೆಹಾಕಿಸಿದೆ. ಮೈದುನನ ಕುರಿಮಂದೆಯನ್ನು ಹೊಲದಲ್ಲೇ ನಿಲ್ಲಿಸಿಕೊಂಡು, ಕುರುಬರಿಗೆಲ್ಲ ಮುದ್ದೆ ಬೇಯಿಸಿ ಹಾಕಿದಳು. ಆಮೇಲೆ ಅಳತೆ ಮಾಡಿ ಡಿಎಪಿ, ಪೊಟ್ಯಾಷ್. ಎರಡನೇ ವರ್ಷ ಪಿಎಚ್ 6.4 ಬಂತು. ಬದನೆ ಗಿಡಗಳು ಕಾಯಿಯ ಭಾರಕ್ಕೆ ಬಾಗಿದವು. ಸಂತೆಯಲ್ಲಿ ಜನ "ಓಬಕ್ಕನ ಬದನೆಕಾಯಿ ಬಂದೈತಾ?" ಎಂದು ಕೇಳಿ ಒಯ್ಯುತ್ತಿದ್ದರು.

ಆ ಉಗಾದಿಗೆ ಯಜಮಾನರು ನನ್ನನ್ನೂ ಊಟಕ್ಕೆ ಕರೆದಿದ್ದರು. ಓಬಕ್ಕ ಜಗಲಿಯ ಮೇಲೆ ಕಾಯುತ್ತಿದ್ದಳು. ಬೇವು ಬೆಲ್ಲ ಬಂತು, ಹೋಳಿಗೆ ಬಂತು. ಎಲೆ ಅಡಿಕೆ ಮಾತ್ರ ಬರಲಿಲ್ಲ. ಕೊನೆಗೆ ಆಕೆಯೇ ಬಾಯಿಬಿಟ್ಟು ಕೇಳಿದಳು.

"ಈ ವರ್ಷ ನಾವೇ ಮಾಡ್ಕೊಂತೀವಿ ಕಣಮ್ಮ. ನೆಲ ಈಗ ನೆಲದಂಗೆ ಆಗೈತೆ" ಎಂದರು ಯಜಮಾನರು. ನನ್ನ ಕಡೆ ತಿರುಗಿ, "ಸಾರ್, ಚೆನ್ನಾಗಿ ಬೆಳೆದ ಹೊಲಕ್ಕೆ ಇಲಾಖೆ ಬೋರ್ಡ್ ಹಾಕ್ತೀರಲ್ಲ, ನಮ್ಮ ಹೆಸ್ರು ಬರೆಸ್ರಿ" ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. "ಹೊಗೆ ಕುಡಿದೋಳು ಅವಳು, ಯಜಮಾನ್ರೆ!" ಎಂದೆ.

"ಸಿಪ್ಪೆ ನಮ್ದಲ್ವಾ ಸಾರ್?" ಎಂದು ನಕ್ಕರು.

ಬೋರ್ಡಿನ ಕಡತಕ್ಕೆ ನಾನು ಸಹಿ ಹಾಕಲಿಲ್ಲ. ಮೇಲಿನವರು ಹಾಕಿದರು. 'ಪ್ರಗತಿಪರ ರೈತ' ಎಂಬ ಬೋರ್ಡು ಇವತ್ತಿಗೂ ಅಲ್ಲಿದೆ. ಇದ್ದಿಲು ನೂರು ವರ್ಷ ಮಣ್ಣಲ್ಲೇ ಇರುತ್ತದೆ. ಅಗೆದು ತಲೆಯ ಮೇಲೆ ಹೊತ್ತು ಒಯ್ಯುವ ಹಾಗಿಲ್ಲ. ಕೆಲಸಕ್ಕೆ ಸೇರಿದಾಗಿನಿಂದ ಮಣ್ಣು ಅಳೆದವನು ನಾನು. ಪಿಎಚ್ ಆಮೇಲೆ, ನೆಲ ಯಾರದು ಎಂದು ಮೊದಲು ಕೇಳಬೇಕು ಎಂಬುದನ್ನು ಕಲಿಸಿದ್ದು ಆ ಒಂದೆಕರೆ.

ನಿವೃತ್ತನಾಗುವ ಮುಂಚೆ ಓಬಕ್ಕನನ್ನು ನೋಡಲು ಹೋದೆ. ಗುಡ್ಡದ ಇನ್ನೂ ಮೇಲೆ, ಬೇರೊಬ್ಬರ ಗರಸು ನೆಲವನ್ನು ಗುತ್ತಿಗೆ ಹಿಡಿದಿದ್ದಳು. ಇಲ್ಲೂ ಮೊಣಕಾಲು ಮುಟ್ಟದ ಗಿಡ. ನಾನು ಅಭ್ಯಾಸಬಲದಿಂದ ಮಣ್ಣು ತುಂಬುವ ಚೀಲ ತೆಗೆದೆ. ಆಕೆ ನನ್ನ ಕೈ ತಡೆದಳು.

"ಬ್ಯಾಡ ಸಾರ್. ಈ ಮಣ್ಣು ಹುಳಿನೇ ಇರ್ಲಿ. ಹುಳಿ ಇರೋಗಂಟ ನನ್ನ ಕೈಯಾಗಿರ್ತೈತೆ."