ಇಬ್ಬನಿಗೆ ಸಿಕ್ಕ ನಾಲ್ಕನೆಯ ಸ್ಥಾನ

ಕುತ್ತಿಗೆಯಲ್ಲಿ ಸದಾ ಹಳೆಯ ದುರ್ಬೀನೊಂದು ನೇತಾಡುತ್ತಿದ್ದುದರಿಂದ ಕುದುರೆ ಓಟದ ಮೈದಾನದಲ್ಲಿ ಎಲ್ಲರೂ ಅವಳನ್ನು ದುರ್ಬೀನಕ್ಕ ಎಂದೇ ಕರೆಯುತ್ತಿದ್ದರು. ಜಾಕಿಗಳು, ಲಾಳ ಹೊಡೆಯುವವರು, ಗೇಟಿನ ಕಾವಲುಗಾರ, ಕಡೆಗೆ ಅವಳು ಕೆಲಸ ಮಾಡುತ್ತಿದ್ದ ಪತ್ರಿಕೆಯ ಸಂಪಾದಕರೂ. ಆ ಹೆಸರು ಅವಳಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಬ್ಯಾಂಕಿನಲ್ಲಿ ಯಾರಾದರೂ ನಿಜವಾದ ಹೆಸರು ಹಿಡಿದು ಕೂಗಿದರೆ ಆಚೀಚೆ ನೋಡಿ, ಬೇರೆ ಯಾರೂ ಏಳಲಿಲ್ಲವೆಂದು ಖಾತ್ರಿಯಾದ ಮೇಲೆ ತಾನು ಎದ್ದು ಹೋಗುತ್ತಿದ್ದಳು.

ಅವಳ ಅಪ್ಪ ಲಾಯದಲ್ಲಿ ಕುದುರೆಗಳ ಮೈ ಉಜ್ಜುವ ಕೆಲಸದಲ್ಲಿದ್ದವನು. ಲಾಯದ ಮೇಲಿನ ಎರಡು ಕೋಣೆಗಳಲ್ಲಿ ಅವಳೂ ಅವಳ ಅಣ್ಣನೂ ಬೆಳೆದರು. ನೆಲದ ಹಲಗೆಗಳ ಸಂದಿಯಿಂದ ಒಣಹುಲ್ಲಿನ ವಾಸನೆ ಮೇಲೆ ಬರುತ್ತಿತ್ತು. ಕೆಳಗೆ ಯಾವ ಕುದುರೆ ಕಾಲು ಬದಲಿಸಿ ನಿಂತಿತೆಂದು ಇಬ್ಬರೂ ಹಾಸಿಗೆಯಲ್ಲಿದ್ದುಕೊಂಡೇ ಪಂತ ಕಟ್ಟುತ್ತಿದ್ದರು. ಅಣ್ಣ ಮೊದಲು ಸವಾರನಾದ, ಮೈ ಭಾರವಾದ ಮೇಲೆ ತರಬೇತುದಾರನಾದ. ಅವಳೋ ಎಳೆಯ ವಯಸ್ಸಿಗೇ ದೀಪದ ಕಂಬದ ಹಾಗೆ ಬೆಳೆದುಬಿಟ್ಟಿದ್ದಳು. ಸವಾರಿ ತನಗಲ್ಲ ಎಂದು ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದಳು. ಓಟದ ಬಗ್ಗೆ ಬರೆಯುತ್ತಿದ್ದ ಹಿರಿಯರು ನಿವೃತ್ತರಾದಾಗ, ಬೆಳಕು ಹರಿಯುವ ಮುಂಚೆ ಎದ್ದು ಮೈದಾನಕ್ಕೆ ಹೋಗಲು ಯಾರು ತಯಾರು ಎಂದು ಸಂಪಾದಕರು ಕೇಳಿದರು. ಉಳಿದವರೆಲ್ಲ ಮೇಜಿನ ಕೆಳಗೆ ಏನೋ ಬಿದ್ದಂತೆ ಬಗ್ಗಿ ಹುಡುಕತೊಡಗಿದರು. ಇವಳು ಕೈ ಎತ್ತಿದಳು.

ಅಂದಿನಿಂದ ಅದೇ ಅವಳ ಬದುಕಾಯಿತು. ಗಂಡ ಅದೇ ಪತ್ರಿಕೆಯ ಮುದ್ರಣ ವಿಭಾಗದಲ್ಲಿದ್ದ. ಅವನು ತೀರಿಹೋದ ಮೇಲೆ, ಮಕ್ಕಳೂ ಇಲ್ಲದ ಅವಳಿಗೆ ಬೆಳಗಿನ ಮೈದಾನ ಮತ್ತು ಅಣ್ಣನ ಮನೆ ಇವೆರಡೇ ಉಳಿದವು.

ಪ್ರತಿ ವರ್ಷ ವಸಂತದಲ್ಲಿ ಅಲ್ಲಿ ದೊಡ್ಡ ಓಟ ನಡೆಯುತ್ತಿತ್ತು. ಮೂರು ವರ್ಷದ ಕುದುರೆಗಳಿಗೆ ಮಾತ್ರ ಮೀಸಲಾದ ಉದ್ದನೆಯ ಓಟ. ಒಂದು ಕುದುರೆಗೆ ಜೀವಮಾನದಲ್ಲಿ ಒಂದೇ ಅವಕಾಶ. ಅದಕ್ಕೆ ಮೊದಲು ದುರ್ಬೀನಕ್ಕ ತನ್ನ ಪತ್ರಿಕೆಯಲ್ಲಿ ಭರವಸೆಯ ಹನ್ನೆರಡು ಕುದುರೆಗಳನ್ನು ಒಂದರಿಂದ ಹನ್ನೆರಡರವರೆಗೆ ಸಾಲಾಗಿ ನಿಲ್ಲಿಸುತ್ತಿದ್ದಳು. ಆ ಶ್ರೇಯಾಂಕ ಅಚ್ಚಾದ ಬೆಳಿಗ್ಗೆ ಕೆಲವು ಲಾಯಗಳಲ್ಲಿ ಅವಳಿಗೆ ಕುರ್ಚಿ ಹಾಕುತ್ತಿದ್ದರು, ಕೆಲವು ಲಾಯಗಳಲ್ಲಿ ಮುಖ ತಿರುಗಿಸುತ್ತಿದ್ದರು. ಎರಡನ್ನೂ ಅವಳು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಅಣ್ಣನ ಕುದುರೆಗಳು ಅಷ್ಟು ವರ್ಷಗಳಲ್ಲಿ ಎಂಟನೆಯದೋ ಹತ್ತನೆಯದೋ ಆಗಿರುತ್ತಿದ್ದವು, ಎಷ್ಟೋ ವರ್ಷ ಅದೂ ಇಲ್ಲ. ಅಣ್ಣ ಒಮ್ಮೆಯೂ ಯಾಕೆಂದು ಕೇಳಿದವನಲ್ಲ.

ಆ ವರ್ಷ ಅಣ್ಣನ ಲಾಯಕ್ಕೆ ಇಬ್ಬನಿ ಬಂದಳು. ಕಂದು ಬಣ್ಣದ ಹೆಣ್ಣು ಕುದುರೆ, ತೆಳ್ಳನೆಯ ಕಾಲು, ಹಣೆಯ ಮೇಲೆ ಹನಿಯಷ್ಟು ಬಿಳಿ. ಎಲ್ಲರೂ 'ಬಿಸ್ಕತ್ತಿನ ಸಾಹುಕಾರರು' ಎನ್ನುತ್ತಿದ್ದ ಕಾರ್ಖಾನೆಯ ಯಜಮಾನರು ಅವಳ ಒಡೆಯರು. ಚಳಿಗಾಲದ ಚಿಕ್ಕ ಓಟಗಳಲ್ಲಿ ಇಬ್ಬನಿ ಉಳಿದ ಕುದುರೆಗಳಿಗೆ ಮಣ್ಣು ಮುಕ್ಕಿಸಿದಳು. ಊರಿಡೀ ಅವಳದೇ ಮಾತು. ಅದೇ ಚಳಿಗಾಲದಲ್ಲಿ ಅಣ್ಣನಿಗೆ ಕೆಮ್ಮು ಹತ್ತಿತು. ಹುಲ್ಲಿನ ಧೂಳು ಅಂದ, ಹವೆ ಅಂದ. ಡಾಕ್ಟರು ಎದೆಯ ಚಿತ್ರ ತೆಗೆಸಿ, ಅವನ ಹೆಂಡತಿಯನ್ನು ಮಾತ್ರ ಒಳಗೆ ಕರೆದು ಕಾಯಿಲೆಗೆ ಬೇರೆಯದೇ ಹೆಸರು ಹೇಳಿದರು. ಮುಂದಿನ ಚಳಿಗಾಲವನ್ನು ಅವನು ನೋಡುವ ಹಾಗಿರಲಿಲ್ಲ. ಅತ್ತಿಗೆ ಅವನಿಗೆ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಎಷ್ಟೋ ಕುದುರೆಗಳ ಎದೆಗೆ ಕಿವಿಯಿಟ್ಟವನಿಗೆ ತನ್ನದು ಕೇಳಿಸದೆ ಇರುತ್ತದೆಯೇ?

ಶ್ರೇಯಾಂಕ ಬರೆಯುವುದಕ್ಕೆ ಸ್ವಲ್ಪ ದಿನ ಮುಂಚೆ ದುರ್ಬೀನಕ್ಕ ಇಬ್ಬನಿಯ ತಾಲೀಮು ನೋಡಲು ಹೋದಳು. ಮೈದಾನದ ಮೇಲೆ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಅಣ್ಣ ಶಾಲು ಹೊದ್ದು ಬೇಲಿಗೆ ಆತು ನಿಂತಿದ್ದ. ಜೊತೆಗೆ ಓಡಲು ಒಂದು ಹಿರಿಯ ಗಂಡು ಕುದುರೆಯನ್ನು ಬಿಟ್ಟಿದ್ದ. ಎರಡೂ ಕೊನೆಯ ತಿರುವಿನವರೆಗೆ ಸಮಸಮನಾಗಿ ಬಂದವು. ಆಮೇಲೆ ನೇರ ದಾರಿಯಲ್ಲಿ ಇಬ್ಬನಿ ಹಿರಿಯ ಕುದುರೆಯನ್ನು ಹಿಂದೆ ಹಾಕಿ ಬಂದುಬಿಟ್ಟಳು. ಸುತ್ತ ನಿಂತಿದ್ದವರು ಚಪ್ಪಾಳೆ ತಟ್ಟಿದರು.

ಅವರೆಲ್ಲ ಇಬ್ಬನಿಯನ್ನು ನೋಡುತ್ತಿದ್ದರು. ದುರ್ಬೀನಕ್ಕ ಹಿರಿಯ ಕುದುರೆಯ ಸವಾರನ ಕೈ ನೋಡುತ್ತಿದ್ದಳು. ಅವನ ಮೊಣಕೈಗಳು ಪಕ್ಕೆಗೆ ಅಂಟಿದ್ದವು; ಲಗಾಮನ್ನು ಎಳೆದು ಹಿಡಿದಿದ್ದ. ಇಬ್ಬನಿ ಮುಂದೆ ಬಂದಿರಲಿಲ್ಲ, ಇನ್ನೊಂದು ಕುದುರೆಯನ್ನು ಹಿಂದೆ ಹಿಡಿದಿದ್ದರು. ಮತ್ತೆ ಇಬ್ಬನಿಯ ಕಡೆ ತಿರುಗಿ ನೋಡಿದರೆ, ದಾಪುಗಾಲು ಗಿಡ್ಡವಾಗಿತ್ತು, ತಲೆ ಮೇಲೆದ್ದಿತ್ತು, ಬಾಲ ಆಚೀಚೆ ಬಡಿಯುತ್ತಿತ್ತು. ಚಿಕ್ಕ ಓಟಕ್ಕೆ ಅವಳಂಥ ಕುದುರೆ ಇಲ್ಲ. ಈ ಉದ್ದಕ್ಕೆ ಅವಳಲ್ಲಿ ದಮ್ಮಿಲ್ಲ.

ದುರ್ಬೀನು ಇಳಿಸಿದಾಗ ಅಣ್ಣ ಇವಳನ್ನೇ ನೋಡುತ್ತಿದ್ದ. "ಹೆಂಗೆ?" ಎಂದ.

"ಚೆನ್ನಾಗಿದಾಳೆ," ಎಂದಳು. ಅದು ಸುಳ್ಳಾಗಿರಲಿಲ್ಲ.

ಆ ಭಾನುವಾರ ಅಣ್ಣನ ಮನೆಯಲ್ಲಿ ಊಟ. ಅಣ್ಣ ಒಳಗೆ ಮಲಗಿದ್ದ. ಅಡುಗೆಮನೆಯಲ್ಲಿ ಅತ್ತಿಗೆ ತಟ್ಟೆ ತೊಳೆಯುತ್ತಿದ್ದರು, ಇವಳು ಒರೆಸಿ ಜೋಡಿಸುತ್ತಿದ್ದಳು. ಅತ್ತಿಗೆ ನಲ್ಲಿ ನಿಲ್ಲಿಸಿದರು.

"ನಾನು ಇಷ್ಟು ವರ್ಷದಲ್ಲಿ ನಿನ್ನ ಕೆಲಸಕ್ಕೆ ತಲೆ ಹಾಕಿಲ್ಲ. ಹೌದೋ ಅಲ್ವೋ?"

"ಹೌದು ಅತ್ತಿಗೆ."

"ಈ ಸಲ ಒಂದು ಮಾತು ಕೇಳ್ತೀನಿ. ಆ ಕುದುರೆನ ಮೇಲೆ ಹಾಕು. ಮೊದಲನೇದು. ಅವರು ಒಂದು ಸಲ ಕಣ್ತುಂಬಾ ನೋಡ್ಕೊಳ್ಳಲಿ. ಓಟದ ದಿನ ಏನಾಗುತ್ತೋ ಆಗಲಿ, ಅದು ಆಮೇಲಿನ ಮಾತು."

ದುರ್ಬೀನಕ್ಕ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು. "ಮೊದಲನೇದು ಅಂತ ಬರೆದರೆ ಸಾಹುಕಾರರು ಓಡಿಸಿಯೇ ಓಡಿಸ್ತಾರೆ ಅತ್ತಿಗೆ. ದಮ್ಮಿಲ್ಲದ ಕುದುರೆನ ಅಷ್ಟು ದೂರ ಹೊಡೆದು ಓಡಿಸಿದರೆ ಕಾಲು ಹೋಗುತ್ತೆ."

"ನಿನ್ನ ಅಣ್ಣನ ಉಸಿರೇ ಹೋಗ್ತಾ ಇದೆ," ಎಂದು ಅತ್ತಿಗೆ ತಣ್ಣಗೆ ಹೇಳಿ ನಲ್ಲಿ ಬಿಟ್ಟರು.

ಬರೆಯಲು ಕೂತಾಗ ಉಳಿದ ಹನ್ನೊಂದು ಕುದುರೆಗಳು ಸಲೀಸಾಗಿ ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಂತವು. ಮೊದಲನೆಯದು ರಣಭೇರಿ ಎಂಬ ಕಪ್ಪು ಗಂಡು ಕುದುರೆ. ಅದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಇಬ್ಬನಿಯ ಹೆಸರನ್ನು ಒಂದು ಕಡೆ ಬರೆದಳು, ಹೊಡೆದು ಹಾಕಿದಳು, ಇನ್ನೊಂದು ಕಡೆ ಬರೆದಳು. ಚಹಾ ಆರಿ ಕೆನೆಗಟ್ಟಿತು. ಕಡೆಗೆ ನಾಲ್ಕನೆಯ ಸ್ಥಾನದಲ್ಲಿ ಬರೆದು, ಪಕ್ಕದಲ್ಲಿ ಒಂದೇ ಸಾಲು ಸೇರಿಸಿದಳು: "ವೇಗದಲ್ಲಿ ಇವಳಿಗೆ ಸಾಟಿಯಿಲ್ಲ, ದೂರದ ಬಗ್ಗೆ ಸಂದೇಹವಿದೆ." ತಾಲೀಮಿನಲ್ಲಿ ಲಗಾಮು ಎಳೆದು ಹಿಡಿದದ್ದನ್ನು ಬರೆಯಲಿಲ್ಲ.

ಪತ್ರಿಕೆ ಹೊರಬಿದ್ದ ಬೆಳಿಗ್ಗೆ ಅವಳು ಎಂದಿನಂತೆ ಅಣ್ಣನ ಲಾಯಕ್ಕೆ ಹೋದಳು. ಅಣ್ಣ ಜೀನಿನ ಪಟ್ಟಿಗೆ ಎಣ್ಣೆ ಹಚ್ಚುತ್ತಿದ್ದ. ತಲೆ ಎತ್ತಲಿಲ್ಲ. "ಅಣ್ಣ" ಎಂದಳು. ಅವನು ಎಣ್ಣೆ ಡಬ್ಬಿ ಎತ್ತಿಕೊಂಡು ಒಳಗೆ ಹೋದ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಬೇರೆಯವರ ಲಾಯದಲ್ಲಿ ಮುಖ ತಿರುಗಿಸಿದಾಗ ಚಪ್ಪಲಿಯ ಧೂಳು ಕೊಡವಿದಷ್ಟು ಸುಲಭವಾಗಿ ಬಿಟ್ಟುಬರುತ್ತಿದ್ದವಳಿಗೆ ಇದನ್ನು ಹಾಗೆ ಕೊಡವಲಾಗಲಿಲ್ಲ. ಕಚೇರಿಯಲ್ಲಿ ಒಂದು ವಾಕ್ಯ ಬರೆಯಲು ಅರ್ಧ ದಿನ ಹಿಡಿಯುತ್ತಿತ್ತು. ಆದರೂ ಲಾಯಕ್ಕೆ ಹೋಗುವುದನ್ನು ಬಿಡಲಿಲ್ಲ. ಹೋಗಿ ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತು, ಇಬ್ಬನಿಯ ಮೂತಿ ಸವರಿ ಬರುತ್ತಿದ್ದಳು.

ಹೀಗೆ ಒಂದು ಬೆಳಿಗ್ಗೆ ಬಂದಾಗ ಅಣ್ಣ ಬೇಲಿಯ ಹತ್ತಿರ ಸ್ಟೂಲು ಹಾಕಿಕೊಂಡು ಕೂತಿದ್ದ. ನಿಲ್ಲಲು ಆಗುತ್ತಿರಲಿಲ್ಲ. ಇವಳತ್ತ ತಿರುಗದೆಯೇ, "ಇಲ್ಲಿ ಬಾ," ಎಂದ. "ಇವತ್ತು ಯಾರಿಗೂ ಹಿಡ್ಕೋ ಅಂತ ಹೇಳಿಲ್ಲ. ನೋಡು."

ಅದೇ ಎರಡು ಕುದುರೆಗಳು. ಸುತ್ತ ಬೇರೆ ಯಾರೂ ಇರಲಿಲ್ಲ. ತಿರುವಿನವರೆಗೆ ಇಬ್ಬನಿ ಗಾಳಿಯ ಹಾಗೆ ಬಂದಳು. ನೇರ ದಾರಿಯಲ್ಲಿ ಹಿರಿಯ ಕುದುರೆ ನಿಧಾನವಾಗಿ ಅವಳ ಪಕ್ಕಕ್ಕೆ ಬಂತು, ಕತ್ತು ಮುಂದಾಯಿತು, ಆಮೇಲೆ ಪೂರ್ತಿ ಮುಂದಾಯಿತು. ಅದರ ಸವಾರ ಕೈ ಅಲ್ಲಾಡಿಸಿರಲೂ ಇಲ್ಲ. ಇಬ್ಬನಿ ಬೆವರಿನಲ್ಲಿ ತೊಯ್ದು, ಪಕ್ಕೆ ಎಗರಿಸುತ್ತ ಅವರ ಮುಂದೆ ಹಾದುಹೋದಳು. ಅಣ್ಣನ ಉಸಿರೂ ಹಾಗೇ ಏರಿಳಿಯುತ್ತಿದ್ದುದನ್ನು ಕಂಡು ದುರ್ಬೀನಕ್ಕ ಮುಖ ಪಕ್ಕಕ್ಕೆ ಹೊರಳಿಸಿದಳು.

ಅಣ್ಣ ಕೇಳಿದ. "ನಿಜ ಹೇಳು. ಎಷ್ಟನೇದು?"

"ಬರೆದಿದೀನಲ್ಲ."

"ಬರೆದದ್ದು ಓದಿದೆ. ನೀನು ಕಂಡಿದ್ದು ಎಷ್ಟನೇದು?"

ಅವಳಿಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. "ಒಂಬತ್ತು."

"ಮತ್ತೆ ನಾಲ್ಕು ಯಾಕೆ ಕೊಟ್ಟೆ?"

"ನಿನ್ನ ಕುದುರೆ ಅಂತ."

ಅಣ್ಣ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲದೆ ಅವನು ಅವಳ ತೋಳು ಹಿಡಿದುಕೊಂಡ. "ಅಯ್ಯೋ ನಿನ್ನ! ಇಷ್ಟು ದಿನ ನಾನು ಮಾತು ಬಿಟ್ಟಿದ್ದು ನಾಲ್ಕು ಕೊಟ್ಟೆ ಅಂತ ಅಂದ್ಕೊಂಡ್ಯಾ? ನೀನು ಸರಿಯಾಗಿ ನೋಡಿದೀಯ ಅಂತ ಗೊತ್ತಾಯ್ತು, ಅದಕ್ಕೇ ನಿನ್ನ ಮುಖ ನೋಡೋಕಾಗಲಿಲ್ಲ. ಯಾರಾದರೂ ಒಬ್ಬರು 'ನೀನು ಕಂಡಿದ್ದು ತಪ್ಪು, ಇವಳಿಗೆ ದಮ್ಮಿದೆ' ಅನ್ಲಿ ಅಂತ ಕಾಯ್ತಾ ಇದ್ದೆ ಕಣೇ. ನೀನಾದ್ರೂ ಅಂತೀಯೇನೋ ಅಂತ."

ಅವಳು ಅವನ ಶಾಲು ಸರಿಮಾಡಿದಳು.

ಅದೇ ಸಂಜೆ ಅಣ್ಣ ಸಾಹುಕಾರರ ಕಾರ್ಖಾನೆಗೆ ಹೋದ. ತಂಗಿಯೂ ಜೊತೆಗೆ ಹೋದಳು. ಬೆಣ್ಣೆ ಸಕ್ಕರೆಯ ವಾಸನೆ ತುಂಬಿದ ಆಫೀಸು ಕೋಣೆಯಲ್ಲಿ ಅಣ್ಣ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದ. ದೊಡ್ಡ ಓಟ ಬೇಡ, ಅದೇ ದಿನದ ಚಿಕ್ಕ ಓಟದಲ್ಲಿ ಓಡಿಸೋಣ, ಅಲ್ಲಿ ಇವಳನ್ನು ಹಿಡಿಯುವವರಿಲ್ಲ ಎಂದ.

ಸಾಹುಕಾರರು ಬಹಳ ಹೊತ್ತು ಕನ್ನಡಕ ಒರೆಸಿದರು. ಕೆಟ್ಟ ಮನುಷ್ಯರಲ್ಲ ಅವರು. "ನನಗೂ ವಯಸ್ಸಾಯ್ತು," ಎಂದರು. "ಇಂಥ ಕುದುರೆ ನನಗೆ ಮತ್ತೆ ಸಿಗಲ್ಲ. ನೀವು ಓಡಿಸಲ್ಲ ಅಂದ್ರೆ ಓಡಿಸೋರು ಇದಾರೆ. ಬೇಜಾರು ಮಾಡ್ಕೋಬೇಡಿ."

ಮಾರನೆಯ ದಿನವೇ ಬೇರೆ ಲಾಯದವರು ಬಂದು ಇಬ್ಬನಿಯನ್ನು ಕರೆದುಕೊಂಡು ಹೋದರು. ಅಣ್ಣ ತಾನೇ ಅವಳ ಕಾಲಿಗೆ ಪಟ್ಟಿ ಸುತ್ತಿದ. ಸುತ್ತುವಾಗ ನಡುವೆ ಎರಡು ಸಲ ಕೂತು ಸುಧಾರಿಸಿಕೊಂಡ. ಕರೆದೊಯ್ಯಲು ಬಂದವನಿಗೆ, "ಎಡಗಡೆಯಿಂದ ಹತ್ತಿರ ಹೋಗಬೇಡಪ್ಪ, ಬೆಚ್ಚಿಬೀಳ್ತಾಳೆ," ಎಂದು ಹೇಳಿಕೊಟ್ಟ.

ಓಟದ ದಿನ ಅತ್ತಿಗೆ ಬೇಡವೆಂದರೂ ಕೇಳದೆ ಅಣ್ಣ ಮೈದಾನಕ್ಕೆ ಬಂದ. ಕಾವಲುಗಾರ ತನ್ನ ಕುರ್ಚಿಯನ್ನೇ ತಂದು ಬೇಲಿಯ ಪಕ್ಕ ಹಾಕಿದ. ಇಬ್ಬನಿ ಮೊದಲಿನಿಂದಲೂ ಎಲ್ಲರಿಗಿಂತ ಮುಂದೆ ಓಡಿದಳು. ಕೊನೆಯ ತಿರುವಿನವರೆಗೂ ಜನ ಅವಳ ಹೆಸರು ಹಿಡಿದು ಕೂಗುತ್ತಿದ್ದರು. ಆಮೇಲೆ ಕೂಗು ಬೇರೆ ಹೆಸರುಗಳಿಗೆ ಹೋಯಿತು. ಒಂದೊಂದೇ ಕುದುರೆ ಅವಳನ್ನು ದಾಟಿತು. ಜಾಕಿ ಚಾಟಿ ಎತ್ತಿದ, ಏನನ್ನಿಸಿತೋ, ಇಳಿಸಿ ಲಗಾಮು ಸಡಿಲಿಸಿದ. ಇಬ್ಬನಿ ಎಲ್ಲರ ಹಿಂದೆ ಹೆಚ್ಚು ಕಡಿಮೆ ನಡೆದುಕೊಂಡೇ ಗೆರೆ ದಾಟಿದಳು.

ಅಣ್ಣ ತಂಗಿಯ ದುರ್ಬೀನು ಕಸಿದುಕೊಂಡು ಇಬ್ಬನಿಯ ಕಾಲುಗಳನ್ನು ನೋಡಿದ. "ನಾಲ್ಕೂ ಸರಿಯಾಗಿ ಊರ್ತಾ ಇದಾಳೆ," ಎಂದ. ಕಣ್ಣಿಂದ ದುರ್ಬೀನು ತೆಗೆಯಲು ಬಹಳ ಹೊತ್ತಾಯಿತು.

ದುರ್ಬೀನಕ್ಕ ಮೊದಲನೆಯ ಸ್ಥಾನ ಕೊಟ್ಟಿದ್ದ ರಣಭೇರಿ ಎಂಟನೆಯದಾಗಿ ಬಂದಿತ್ತು. ಗೆದ್ದದ್ದು ಅವಳು ಹನ್ನೆರಡರಲ್ಲಿ ಸೇರಿಸಿರದೇ ಇದ್ದ ಒಂದು ಬೂದು ಬಣ್ಣದ ಕುದುರೆ. ಸಂಪಾದಕರು ಒಂದು ಲೋಟ ಚಹಾ ತರಿಸಿಕೊಟ್ಟರು. ಅದು ಬೈಗುಳಕ್ಕಿಂತ ಜೋರಾಗಿ ತಗುಲಿತು.

ಬೇಸಿಗೆ ಮುಗಿಯುವ ಮುಂಚೆ ಅಣ್ಣ ಹೋದ. ಅಷ್ಟರೊಳಗೆ ಸಾಹುಕಾರರು ಎರಡು ಸಲ ಬಂದು ಹಾಸಿಗೆಯ ಪಕ್ಕ ಕೂತು ಹೋಗಿದ್ದರು. ಎರಡನೆಯ ಸಲ, ಇಬ್ಬನಿಯನ್ನು ಇನ್ನು ಮೇಲೆ ಚಿಕ್ಕ ಓಟಗಳಿಗೆ ಮಾತ್ರ ಬಿಡುವುದಾಗಿ ಹೇಳಿದರು. ಅಣ್ಣ ತಲೆಯಾಡಿಸಿದ. ಆ ಚಳಿಗಾಲ ಇಬ್ಬನಿ ಗೆಲ್ಲುತ್ತಲೇ ಹೋದಳು. ದುರ್ಬೀನಕ್ಕ ಪ್ರತಿ ಗೆಲುವನ್ನೂ ಪತ್ರಿಕೆಯಲ್ಲಿ ಬರೆದಳು. ತರಬೇತುದಾರನ ಹೆಸರಿನ ಜಾಗದಲ್ಲಿ ಬೇರೆಯವರ ಹೆಸರು ಬರೆಯುವಾಗ ಪ್ರತಿ ಸಲವೂ ಕೈ ಒಂದು ಕ್ಷಣ ನಿಲ್ಲುತ್ತಿತ್ತು.

ಮತ್ತೆ ವಸಂತ ಹತ್ತಿರ ಬಂತು. ಒಂದು ನಸುಕಿನಲ್ಲಿ ಅವಳು ಮನೆಯಿಂದ ಹೊರಟಾಗ ಅತ್ತಿಗೆ ಬೀದಿಯ ತಿರುವಿನಲ್ಲಿ ಸ್ವೆಟರು ಹಾಕಿಕೊಂಡು ನಿಂತಿದ್ದರು.

"ಏನಾಯ್ತು ಅತ್ತಿಗೆ?"

"ಏನೂ ಆಗಿಲ್ಲ. ಇಷ್ಟು ವರ್ಷ ಅವರ ಬಟ್ಟೆಯಿಂದ ಕುದುರೆ ವಾಸನೆ ತೊಳೆದೆ. ಬೆಳಿಗ್ಗೆ ಎದ್ದು ಹೋಗಿ ಏನು ನೋಡ್ತಾರೆ ಅಂತ ಒಂದು ದಿನಾನೂ ಬಂದು ನೋಡಲಿಲ್ಲ. ನಾನೂ ಬರಲಾ?"

ಇಬ್ಬರೂ ಬೇಲಿಗೆ ಆತು ನಿಂತರು. ಎಳೆಯ ಕುದುರೆಗಳು ಎರಡೆರಡಾಗಿ ಮಂಜಿನಿಂದ ಹೊರಬಂದು ಮತ್ತೆ ಮಂಜಿನೊಳಗೆ ಹೋದವು. ಅತ್ತಿಗೆ ದುರ್ಬೀನು ಹಿಡಿಯಲು ಬಾರದೆ ಹುಬ್ಬಿಗೆ ಒತ್ತಿಕೊಂಡಿದ್ದರು.

"ಆ ಬಿಳಿ ಕಾಲಿಂದು ಚೆನ್ನಾಗಿದೆ," ಎಂದರು.

"ಯಾಕೆ?"

"ಗೊತ್ತಿಲ್ಲಪ್ಪ. ಪಕ್ಕದಲ್ಲಿ ಯಾರು ಓಡ್ತಾ ಇದಾರೆ ಅಂತ ಅದು ನೋಡ್ತಾನೇ ಇಲ್ಲ."

ದುರ್ಬೀನಕ್ಕ ಬರಿಗಣ್ಣಿನಲ್ಲೇ ಆ ಕುದುರೆಯತ್ತ ನೋಡಿದಳು. ಅದು ತಿರುವು ದಾಟಿ ಇವರ ಕಡೆಗೇ ಬರುತ್ತಿತ್ತು. "ಕೈ ಸ್ವಲ್ಪ ಕೆಳಗೆ ಇಳಿಸಿ ಅತ್ತಿಗೆ," ಎಂದಳು. "ಈಗ ಕಾಲು ನೋಡಿ."